ತುಟಿ ಚುರುಚುರು ಅಂದ ದಿನವೇ ಕ್ರೀಮ್ ಹಚ್ಚಿ

ತುಟಿಯ ಅಂಚಿನಲ್ಲಿ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಏಳುತ್ತವಲ್ಲ, ಅದು ಸುಮ್ನೆ ಉಷ್ಣಕ್ಕೆ ಬರುವುದಲ್ಲ. ಹರ್ಪಿಸ್ ಅನ್ನೋ ವೈರಸ್‌ನಿಂದ ಬರುತ್ತದೆ. ಒಮ್ಮೆ ಮೈ ಸೇರಿದರೆ ನರದಲ್ಲೇ ಉಳಿದುಬಿಡುತ್ತದೆ, ಜ್ವರ, ಸುಸ್ತು, ಜಾಸ್ತಿ ಬಿಸಿಲು ಆದಾಗ ಮತ್ತೆ ತಲೆ ಎತ್ತುತ್ತದೆ.

ಗುಳ್ಳೆ ಏಳುವ ಮೊದಲು ಆ ಜಾಗ ಚುರುಚುರು ಅನ್ನುತ್ತದೆ, ತುರಿಸುತ್ತದೆ. ಆಗಲೇ ಈ ವೈರಸ್ ತಡೆಯುವ ಅಸೈಕ್ಲೋವಿರ್ ಕ್ರೀಮ್ ಶುರು ಮಾಡಿ, ದಿನಕ್ಕೆ 5 ಸಲ. ನಾನು ಎಷ್ಟೋ ಸಲ ಗುಳ್ಳೆ ಒಡೆದ ಮೇಲೆ ಹಚ್ಚಿ, ಈ ಕ್ರೀಮ್ ಕೆಲಸಕ್ಕೆ ಬರಲ್ಲ ಅಂದುಕೊಂಡಿದ್ದೆ, ಆದರೆ ತಡ ಮಾಡಿದ್ದೇ ತಪ್ಪಾಗಿತ್ತು. ಉಜ್ಜಬೇಡಿ, ಮೆಲ್ಲಗೆ ಒತ್ತಿ ಹಚ್ಚಿ. ಮೊದಲೂ ಆಮೇಲೂ ಕೈ ತೊಳೆಯಿರಿ. ಆ ಕೈ ಕಣ್ಣಿಗೆ ಹೋಗಲೇಬಾರದು.

ಗುಳ್ಳೆ ಒಡೆದು ನೀರು ಸೋರುವಾಗ ಹರಡೋದು ಜಾಸ್ತಿ. ಹಕ್ಕಳೆ ಉದುರಿ ಪೂರ್ತಿ ವಾಸಿಯಾಗುವವರೆಗೆ ಮುತ್ತು ಬೇಡ, ಲೋಟ, ಟವೆಲ್, ಲಿಪ್ ಬಾಮ್ ಹಂಚಿಕೊಳ್ಳೋದೂ ಬೇಡ. ಹಸುಗೂಸಿಗಂತೂ ದಯವಿಟ್ಟು ಮುತ್ತು ಕೊಡಬೇಡಿ, ಕೊಡಲೂ ಬಿಡಬೇಡಿ, ಯಾರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಅಷ್ಟು ಚಿಕ್ಕ ಮಗುವಿಗೆ ಇದು ಪ್ರಾಣಕ್ಕೇ ಕುತ್ತು ತರಬಹುದು.

ಬಿಸಿಲಿಗೆ ಹೋದಾಗ ಪದೇ ಪದೇ ಗುಳ್ಳೆ ಏಳುವವರು ಬಿಸಿಲು ತಡೆಯುವ, ಎಸ್‌ಪಿಎಫ್ 30 ಇರುವ ಲಿಪ್ ಬಾಮ್ ಹಚ್ಚಿಕೊಂಡೇ ಹೊರಡಿ. ಸಾಮಾನ್ಯವಾಗಿ 10 ದಿನದಲ್ಲಿ ಮಾಯುತ್ತದೆ. ಮಾಯದಿದ್ದರೆ, ಕಣ್ಣಿನ ಹತ್ತಿರ ಬಂದರೆ, ಡಾಕ್ಟರಿಗೆ ತೋರಿಸಿ.