ಬೆಂಕಿಕಡ್ಡಿಯ ಸ್ಲೀಪರ್, ಕಾಫಿ ಚರಟದ ಮಣ್ಣು: ನಾನು ಕಟ್ಟಿದ ಕ್ಯಾಸ್ ರೈಲು

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಕ್ಯಾಸ್ ಅಂತ ಒಂದು ಊರಿದೆ. ಅಲ್ಲಿನ ಬೆಟ್ಟದಿಂದ ದಿಮ್ಮಿ ಇಳಿಸುತ್ತಿದ್ದ ಉಗಿ ರೈಲು 1960ರಲ್ಲಿ ನಿಂತಿತು. ಅದರ ಕೊನೆಯ ವರ್ಷಗಳನ್ನು 87ಕ್ಕೆ 1ರ ಅಳತೆಯಲ್ಲಿ ಮೇಜಿನ ಮೇಲೆ ಕಟ್ಟಲು ಕೂತೆ.

ಇಂಜಿನ್ ಹೆಸರು ಶೇ. ಇದರ ಮೂರು ಸಿಲಿಂಡರ್‌ಗಳೂ ಬಲಗಡೆಯೇ ನೆಟ್ಟಗೆ ನಿಂತಿರುತ್ತವೆ. ಅವು ತಿರುಗಿಸುವ ಉದ್ದನೆಯ ಶಾಫ್ಟ್, ಗೇರ್ ಮೂಲಕ ಎಲ್ಲ ಚಕ್ರಗಳನ್ನೂ ತಿರುಗಿಸುತ್ತದೆ. ತೂಕ ಸರಿದೂಗಲಿ ಅಂತ ಬಾಯ್ಲರನ್ನು ಎಡಕ್ಕೆ ಸರಿಸಿರುತ್ತಾರೆ. ಕಣ್ಣಿಗೆ ಹಬ್ಬ ಇರುವುದು ಬಲಗಡೆಯೇ. ಬೆಟ್ಟದಲ್ಲಿ ಹಳಿ ಅಂಕುಡೊಂಕಾಗಿ ಹತ್ತುತ್ತದೆ. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಇಂಜಿನ್ ಮಾತ್ರ ಮುಖ ತಿರುಗಿಸುವುದೇ ಇಲ್ಲ. ಹಾಗಾಗಿ ಅದರ ಮೂತಿ ಮೇಜಿನ ಬಲತುದಿಗೆ ಇರುವಂತೆ ಇಟ್ಟೆ. ಹತ್ತುವಾಗಲೂ ಇಳಿಯುವಾಗಲೂ ಸಿಲಿಂಡರ್ ನಮ್ಮ ಕಡೆಗೇ ಕಾಣುತ್ತವೆ. ಇದು ಹೊಳೆದ ದಿನ ಎಷ್ಟು ಖುಷಿಯಾಯಿತು!

ಸಕಲೇಶಪುರದ ಘಾಟಿಯಲ್ಲಿ 50 ಅಡಿಗೆ 1 ಅಡಿ ಏರು. ಕ್ಯಾಸ್‌ನಲ್ಲಿ ಕಡಿದಾದ ಕಡೆ 9 ಅಡಿಗೇ 1 ಅಡಿ. ನಾನು ಮೀಟರಿಗೆ 9 ಸೆಂಟಿಮೀಟರ್ ಇಟ್ಟೆ. ಮೊದಲ ವಾರವೇ ಪ್ಲಾಸ್ಟಿಕ್ ಗೇರ್ ಸೀಳಿತು. ಹಿತ್ತಾಳೆಯದು ಹಾಕಿಸಿದೆ.

ಜಾಸ್ತಿ ದಿನ ಹಿಡಿದದ್ದು ಹಳಿ. ಸ್ಲೀಪರ್‌ಗೆ, ಅಂದರೆ ಹಳಿಯ ಕೆಳಗಿನ ಅಡ್ಡ ಮರಕ್ಕೆ, ಬೆಂಕಿಕಡ್ಡಿಯ ದಪ್ಪ ಸರಿಯಾಗಿ ಹೊಂದುತ್ತದೆ. 28 ಮಿಲಿಮೀಟರಿಗೆ ಕತ್ತರಿಸಿ, ಕಪ್ಪು ಶಾಯಿ ಬೆರೆಸಿದ ನೀರಲ್ಲಿ ನೆನೆಸಿ ಒಣಗಿಸಿದೆ. ನೇರವಾಗಿ ಜೋಡಿಸಿದಾಗ ನಿನ್ನೆ ಹಾಕಿದ ಹಳಿಯಂತೆ ಕಂಡಿತು. ಕೊನೆಗಾಲದ ಹಳಿ ಹಾಗಿರುತ್ತದಾ? ಎಲ್ಲ ಕಿತ್ತೆ. ಕೆಲವು ಕಡ್ಡಿಯ ತುದಿ ಮುರಿದೆ, ಕೆಲವನ್ನು ಓರೆಯಾಗಿ ಅಂಟಿಸಿದೆ. ಜಲ್ಲಿಯ ಬದಲು ಒಣಗಿಸಿದ ಕಾಫಿ ಚರಟ ಉದುರಿಸಿದೆ. ಹಳಿ ಕೆಸರಿನಲ್ಲಿ ಹೂತಂತೆ ಕಂಡಾಗ ಮನಸ್ಸಿಗೆ ಸಮಾಧಾನವಾಯಿತು.

ಬೆಟ್ಟದ ಮೇಲೆ ದಿಮ್ಮಿ ತುಂಬುವ ಜಾಗದಲ್ಲಿ ಒಂದು ಲಾರಿ ನಿಲ್ಲಿಸಿದ್ದೇನೆ. ನೋಡಿದವರು ಅದು ಯಾಕೆ ಅಂತ ಕೇಳುತ್ತಾರೆ. ರೈಲಿಗಾದರೆ ಮರ ಕಡಿಯುವ ಕಡೆಗೆಲ್ಲ ಹಳಿ ಹಾಕಬೇಕು, ಆಮೇಲೆ ಕೀಳಬೇಕು. ಲಾರಿಗೆ ಮಣ್ಣಿನ ದಾರಿ ಇದ್ದರೆ ಸಾಕು. ಅಲ್ಲಿನ ಕಾಡು ರೈಲುಗಳನ್ನು ನಿಲ್ಲಿಸಿದ್ದರಲ್ಲಿ ಲಾರಿಯ ಪಾಲು ದೊಡ್ಡದು, ಅದನ್ನು ಬಿಟ್ಟು 1950ರ ದಶಕ ತೋರಿಸಲು ನನಗೆ ಮನಸ್ಸು ಬರಲಿಲ್ಲ.

ಕ್ಯಾಸ್ ಇಂಜಿನ್‌ಗಳು 1963ರಿಂದ ಪ್ರವಾಸಿಗರನ್ನು ಹೊತ್ತು ಮತ್ತೆ ಬೆಟ್ಟ ಹತ್ತುತ್ತಿವೆ. 1905ರ 5ನೇ ನಂಬರಿನ ಶೇ ಕೂಡ. ಸದ್ದು ಕೇಳಿದರೆ ಭಾರಿ ಓಟ ಅನ್ನಿಸುತ್ತದೆ, ಆದರೆ ನಾವೇ ಪಕ್ಕದಲ್ಲಿ ಓಡಬಹುದಾದಷ್ಟು ನಿಧಾನ. ಗಂಟೆಗೆ 10 ಕಿಲೋಮೀಟರ್ ಅಂತ ಲೆಕ್ಕ ಹಾಕಿ ನನ್ನದನ್ನೂ ಹಾಗೇ ಓಡಿಸುತ್ತೇನೆ. ಒಂದು ಮೀಟರ್ ಹತ್ತಲು ಅರ್ಧ ನಿಮಿಷ ಬೇಕು.