ಹಾಲಿನ ಲೆಕ್ಕ ಬರೆಯುತ್ತಾ ಕಲಿತ ಪಿಎಚ್‌ಪಿ ಕ್ಲಾಸುಗಳು

ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಲೆಕ್ಕದ ತಂತ್ರಾಂಶವನ್ನು ನೋಡಿಕೊಳ್ಳುವ ಹೊಣೆ ನನಗೆ ಬಂದಾಗ, ವೆಬ್ ಪುಟಗಳನ್ನು ರೂಪಿಸುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದ್ದ ಅದರ ಕೋಡ್‌ನಲ್ಲಿ ಒಂದೇ ಒಂದು ಕ್ಲಾಸ್ ಇರಲಿಲ್ಲ. ಸದಸ್ಯರು ಬೆಳಿಗ್ಗೆ ಮತ್ತು ಸಂಜೆ ತಂದು ಹಾಕುವ ಹಾಲಿನ ಲೀಟರು, ಫ್ಯಾಟ್ (ಕೊಬ್ಬಿನಂಶ) ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ದಾಖಲಿಸುವುದು, ದರಪಟ್ಟಿಯ ಪ್ರಕಾರ ಹಣ ಲೆಕ್ಕ ಹಾಕುವುದು, ಬಟವಾಡೆಯ ದಿನ ಪ್ರತಿಯೊಬ್ಬರ ಬಿಲ್ಲು ತೆಗೆಯುವುದು ಅದರ ಕೆಲಸ. ಒಂದು ಹೊತ್ತಿನ ಹಾಲು ಎಂದರೆ ಒಂದು ಅರೇ, ಅಂದರೆ ಹಲವು ಅಂಕಿಗಳನ್ನು ಒಟ್ಟಿಗೆ ಇಡುವ ಪಟ್ಟಿ. ಅದು ಒಂದು ಫಂಕ್ಷನ್‌ನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತಿತ್ತು. ಫ್ಯಾಟ್ ಸೊನ್ನೆ ಇರಬಾರದು, ಲೀಟರು ಸೊನ್ನೆಗಿಂತ ಕೆಳಗಿಳಿಯಬಾರದು ಎಂಬ ಪರೀಕ್ಷೆ ನಮೂದಿನ ಪುಟದಲ್ಲಿತ್ತು. ಹಾಲು ಪರೀಕ್ಷಿಸುವ ಯಂತ್ರದ ಫೈಲನ್ನು ಓದಿಕೊಳ್ಳುವ ಪುಟದಲ್ಲಿ ಅದೇ ಪರೀಕ್ಷೆ ಬೇರೆ ಮಿತಿಗಳೊಂದಿಗೆ ಇತ್ತು. ತಿದ್ದುಪಡಿಯ ಪುಟದಲ್ಲಿ ಅದು ಇರಲೇ ಇಲ್ಲ. ನಿಯಮವೊಂದೇ ಆದರೂ ಅದಕ್ಕೆ ನೆಲೆ ಇರಲಿಲ್ಲ. ಮಾಹಿತಿಯನ್ನೂ ಅದರ ನಿಯಮಗಳನ್ನೂ ಒಂದೇ ಕಡೆ ಕಟ್ಟಿಡುವ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ನನಗೆ ನಿಜವಾಗಿ ಅರ್ಥವಾದದ್ದು ಆ ನಿಯಮಕ್ಕೊಂದು ನೆಲೆ ಹುಡುಕುವಾಗ.

ಇಡೀ ತಂತ್ರಾಂಶವನ್ನು ಹೊಸದಾಗಿ ಬರೆಯುವ ಯೋಚನೆ ನನಗಿರಲಿಲ್ಲ. ಮೊದಲು ಒಂದೇ ಒಂದು ಕ್ಲಾಸ್ ಬರೆದೆ, ಅದಕ್ಕೆ ‘ಹಾಲಿನ ನಮೂದು’ ಎಂಬ ಅರ್ಥದ ಹೆಸರಿಟ್ಟೆ. ಒಂದು ನಮೂದಿನಲ್ಲಿ ಏನೇನು ಇರಬೇಕು, ಅದರಿಂದ ಏನೇನು ಕೇಳಬಹುದು ಎಂಬ ವಿವರಣೆಯೇ ಕ್ಲಾಸ್. ನಿರ್ದಿಷ್ಟ ಸದಸ್ಯರೊಬ್ಬರು ನಿರ್ದಿಷ್ಟ ದಿನ ಬೆಳಿಗ್ಗೆ ಹಾಕಿದ ಹಾಲು ಆ ವಿವರಣೆಯಿಂದ ಹುಟ್ಟುವ ಒಂದು ಆಬ್ಜೆಕ್ಟ್. ಲೀಟರು, ಫ್ಯಾಟ್, ಎಸ್‌ಎನ್‌ಎಫ್, ದಿನಾಂಕ, ಹೊತ್ತು ಇವು ಅದರ ಪ್ರಾಪರ್ಟಿಗಳು. ಇವೆಲ್ಲವನ್ನೂ ಪ್ರೈವೇಟ್ (ಕ್ಲಾಸಿನ ಹೊರಗಿನಿಂದ ಮುಟ್ಟಲಾಗದ್ದು) ಎಂದು ಘೋಷಿಸಿ, ಪರೀಕ್ಷೆಗಳನ್ನು ಆಬ್ಜೆಕ್ಟ್ ಹುಟ್ಟುವಾಗ ತಾನಾಗಿ ಓಡುವ ಕನ್‌ಸ್ಟ್ರಕ್ಟರ್‌ಗೆ ತಂದೆ. ಮಿತಿ ಮೀರಿದ ಫ್ಯಾಟ್ ಕೊಟ್ಟರೆ ಕನ್‌ಸ್ಟ್ರಕ್ಟರ್ ಎಕ್ಸೆಪ್ಶನ್ ಎಸೆಯುತ್ತದೆ, ಅಂದರೆ ದೋಷವನ್ನು ಸಾರಿ ಅಲ್ಲಿಗೇ ನಿಲ್ಲುತ್ತದೆ, ಮತ್ತು ಆಬ್ಜೆಕ್ಟ್ ಹುಟ್ಟುವುದೇ ಇಲ್ಲ. ಇದರ ಫಲವನ್ನು ತುಸು ನಿಧಾನವಾಗಿ ಯೋಚಿಸಬೇಕು: ಕೋಡ್‌ನ ಯಾವ ಮೂಲೆಯಲ್ಲಾದರೂ ಈ ಕ್ಲಾಸಿನ ಆಬ್ಜೆಕ್ಟ್ ನನ್ನ ಕೈಯಲ್ಲಿದ್ದರೆ, ಅದು ಪರೀಕ್ಷೆ ದಾಟಿ ಬಂದದ್ದೋ ಅಲ್ಲವೋ ಎಂದು ಅಲ್ಲಿ ಮತ್ತೆ ಅನುಮಾನಿಸಬೇಕಿಲ್ಲ. ಅರೇ ಇಂತಹ ಯಾವ ಭರವಸೆಯನ್ನೂ ಕೊಡುವುದಿಲ್ಲ, ಏಕೆಂದರೆ ಅದರೊಳಗೆ ಯಾರು ಬೇಕಾದರೂ ಏನನ್ನು ಬೇಕಾದರೂ ಬರೆಯಬಹುದು. ಎನ್‌ಕ್ಯಾಪ್ಸುಲೇಶನ್ ಎಂದರೆ ಮಾಹಿತಿಯನ್ನು ಮುಚ್ಚಿಡುವುದು ಎಂದಷ್ಟೇ ಪಾಠಗಳಲ್ಲಿ ಹೇಳಿಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದರ ಮುಖ್ಯ ಪ್ರಯೋಜನ ಈ ಭರವಸೆಯೇ.

ಕಲಿಯುವವರು ತಾವು ಓದುತ್ತಿರುವ ಪಾಠ ಪಿಎಚ್‌ಪಿಯ ಯಾವ ಆವೃತ್ತಿಗೆ ಸೇರಿದ್ದು ಎಂಬುದನ್ನು ಅವಶ್ಯವಾಗಿ ಗಮನಿಸಬೇಕು. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಬಿಡುಗಡೆ ಮಾಡಿದ ಪಿಎಚ್‌ಪಿ ವೆಬ್ ಪುಟಗಳಿಗಾಗಿ ರೂಪಿಸಿದ ಕೆಲವು ಉಪಕರಣಗಳ ಗುಂಪಾಗಿತ್ತು. ಕ್ಲಾಸುಗಳು ಬಂದದ್ದು 1998ರ ಮೂರನೆಯ ಆವೃತ್ತಿಯಲ್ಲಿ, ಅವು ಈಗಿನ ರೂಪಕ್ಕೆ ಹತ್ತಿರವಾದದ್ದು 2004ರ ಜುಲೈನಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ. ಅದಕ್ಕೂ ಮುನ್ನ ಪ್ರೈವೇಟ್ ಎಂಬುದೇ ಇರಲಿಲ್ಲ, ಕನ್‌ಸ್ಟ್ರಕ್ಟರ್‌ಗೆ ಕ್ಲಾಸಿನ ಹೆಸರನ್ನೇ ಇಡುತ್ತಿದ್ದರು. ಆ ಹಳೆಯ ಪದ್ಧತಿಯ ಕೋಡನ್ನು ಇಂದಿನ ಎಂಟನೆಯ ಆವೃತ್ತಿಯಲ್ಲಿ ಓಡಿಸಿದರೆ ಕ್ಲಾಸಿನ ಹೆಸರಿನ ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಬರೀ ಸಾಮಾನ್ಯ ಮೆಥಡ್ ಆಗಿ ಉಳಿಯುತ್ತದೆ. ಆಬ್ಜೆಕ್ಟ್ ಹುಟ್ಟುವಾಗ ಅದನ್ನು ಯಾರೂ ಕರೆಯುವುದಿಲ್ಲ, ದೋಷದ ಸಂದೇಶವೂ ಕಾಣಿಸುವುದಿಲ್ಲ, ಅದರೊಳಗಿನ ಪರೀಕ್ಷೆಗಳು ನಡೆಯುವುದೇ ಇಲ್ಲ. ಎರಡು ಅಂಡರ್‌ಸ್ಕೋರ್‌ಗಳಿಂದ ಆರಂಭವಾಗುವ ಕನ್‌ಸ್ಟ್ರಕ್ಟ್ ಎಂಬ ಹೆಸರನ್ನೇ ಬಳಸಬೇಕು.

ಐದನೆಯ ಆವೃತ್ತಿ ತಂದ ಇನ್ನೊಂದು ಬದಲಾವಣೆ ನನ್ನ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ್ದು. ಒಂದು ವೇರಿಯಬಲ್‌ನಲ್ಲಿರುವ ಆಬ್ಜೆಕ್ಟನ್ನು ಇನ್ನೊಂದಕ್ಕೆ ಕೊಟ್ಟರೆ ಪ್ರತಿ ತಯಾರಾಗುವುದಿಲ್ಲ. ಎರಡೂ ಹೆಸರುಗಳು ಅದೇ ಆಬ್ಜೆಕ್ಟನ್ನು ತೋರಿಸುತ್ತವೆ. ಅರೇಗಳು ಹಾಗಲ್ಲ, ಅವು ಪ್ರತಿಯಾಗಿಯೇ ವರ್ತಿಸುತ್ತವೆ. ತಿದ್ದುಪಡಿಯ ಪುಟದಲ್ಲಿ ಹಳೆಯ ಅಂಕಿ ಮತ್ತು ಹೊಸ ಅಂಕಿ ಎರಡನ್ನೂ ಉಳಿಸಿ, ಯಾರು ಯಾವಾಗ ತಿದ್ದಿದರು ಎಂದು ಕಾರ್ಯದರ್ಶಿಗಳಿಗೆ ತೋರಿಸಬೇಕಾಗಿತ್ತು. ಹೊಸ ಹೆಸರಿನ ಮೂಲಕ ಫ್ಯಾಟ್ ಬದಲಿಸಿದರೆ ಹಳೆಯ ಹೆಸರಿನಲ್ಲಿರುವ ಫ್ಯಾಟೂ ಬದಲಾಗುವುದರಿಂದ, ನಮೂದನ್ನು ಒಮ್ಮೆ ಹುಟ್ಟಿದ ಮೇಲೆ ಬದಲಾಗದಂತೆ ಮಾಡಿದೆ. 2021ರ 8.1 ಆವೃತ್ತಿಯಲ್ಲಿ ಬಂದ ರೀಡ್‌ಓನ್ಲಿ ಪ್ರಾಪರ್ಟಿಗಳು ಇದಕ್ಕೆ ಸರಿಯಾಗಿ ಒದಗಿದವು. ಈಗ ತಿದ್ದುವುದೆಂದರೆ ಹೊಸ ಫ್ಯಾಟ್‌ನೊಂದಿಗೆ ಇನ್ನೊಂದು ನಮೂದನ್ನು ಕಟ್ಟುವುದು. ಅದು ಕನ್‌ಸ್ಟ್ರಕ್ಟರ್ ಮೂಲಕವೇ ಹಾದು ಬರಬೇಕಾದ್ದರಿಂದ ತಿದ್ದಿದ ಅಂಕಿಗೂ ಅದೇ ಪರೀಕ್ಷೆ ತಾನಾಗಿ ನಡೆಯುತ್ತದೆ. ಬೆಳಿಗ್ಗೆ, ಸಂಜೆ ಎಂಬ ಹೊತ್ತುಗಳಿಗೆ ಅದೇ ಆವೃತ್ತಿಯ ಈನಮ್, ಅಂದರೆ ನಿಗದಿತ ಆಯ್ಕೆಗಳ ಪಟ್ಟಿಯನ್ನು, ಬಳಸಿದೆ.

ಹಣಕ್ಕಾಗಿಯೇ ಒಂದು ಪುಟ್ಟ ಕ್ಲಾಸ್ ಬರೆದದ್ದು ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟ ನಿರ್ಧಾರ. ದಶಮಾಂಶ ಸಂಖ್ಯೆಗಳನ್ನು ಫ್ಲೋಟ್ ಎಂಬ ಸಂಖ್ಯಾ ರೂಪದಲ್ಲಿ ಇಟ್ಟುಕೊಂಡರೆ 0.1 ಮತ್ತು 0.2 ಕೂಡಿದ ಉತ್ತರ 0.3ಕ್ಕೆ ಸಮವಲ್ಲ ಎಂದು ಪಿಎಚ್‌ಪಿ ಹೇಳುತ್ತದೆ, ಏಕೆಂದರೆ ಈ ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯಲ್ಲಿ ಪೂರ್ತಿ ನಿಖರವಾಗಿ ಬರೆಯಲಾಗದು. ಆದ್ದರಿಂದ ಹಣದ ಕ್ಲಾಸ್ ತನ್ನೊಳಗೆ ಪೈಸೆಗಳನ್ನು ಪೂರ್ಣಾಂಕವಾಗಿ ಇಟ್ಟುಕೊಳ್ಳುತ್ತದೆ. ಕೂಡುವುದು, ಕಳೆಯುವುದು, ರೂಪಾಯಿಯಾಗಿ ತೋರಿಸುವುದು ಅದರ ಮೆಥಡ್‌ಗಳು. ಲೀಟರನ್ನು ದರದಿಂದ ಗುಣಿಸಿದಾಗ ಉಳಿಯುವ ಪೈಸೆಯ ಭಾಗವನ್ನು ಮೇಲಕ್ಕೆ ಏರಿಸಬೇಕೋ ಕೆಳಕ್ಕೆ ಇಳಿಸಬೇಕೋ ಎಂಬುದು ಆ ಒಂದೇ ಜಾಗದಲ್ಲಿ ತೀರ್ಮಾನವಾಗುತ್ತದೆ. ಬೆಳಗಿನ ಜಾವ ಎದ್ದು ಹಾಲು ಕರೆದು ತಂದವರ ಹಣದ ಲೆಕ್ಕ ಎರಡು ಪುಟಗಳಲ್ಲಿ ಎರಡು ರೀತಿ ಕಾಣಿಸಬಾರದು.

ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದು ಕ್ಲಾಸ್ ಪಡೆಯುವ ಇನ್‌ಹೆರಿಟೆನ್ಸ್ ಕಲಿತವರಿಗೆ ಇಲ್ಲಿ ‘ಹಸುವಿನ ಹಾಲು’, ‘ಎಮ್ಮೆಯ ಹಾಲು’ ಎಂದು ಎರಡು ಮಕ್ಕಳ ಕ್ಲಾಸುಗಳನ್ನು ಬರೆಯಬೇಕೆನಿಸುತ್ತದೆ. ನಾನು ಹಾಗೆ ಮಾಡಲಿಲ್ಲ. ಲೆಕ್ಕಕ್ಕೆ ಬಂದಾಗ ಹಾಲಿನ ನಮೂದು ಎರಡರಲ್ಲೂ ಒಂದೇ ಆಕಾರದ್ದು. ಬೇರೆಯಾಗುವುದು ಅದಕ್ಕೆ ದರ ಕಟ್ಟುವ ಕ್ರಮ. ಹಾಗಾಗಿ ದರಪಟ್ಟಿ ಎಂಬ ಇಂಟರ್‌ಫೇಸ್, ಅಂದರೆ ಯಾವ ಮೆಥಡ್‌ಗಳು ಇರಬೇಕೆಂದು ಮಾತ್ರ ಹೇಳುವ ಕರಾರು, ಬರೆದೆ. ನಮೂದೊಂದನ್ನು ಕೊಟ್ಟರೆ ಹಣವನ್ನು ಹಿಂದಿರುಗಿಸುವ ಒಂದೇ ಮೆಥಡ್ ಅದರಲ್ಲಿದೆ. ಫ್ಯಾಟ್ ಮಾತ್ರ ನೋಡುವ ದರಪಟ್ಟಿ ಒಂದು ಕ್ಲಾಸ್, ಫ್ಯಾಟ್ ಮತ್ತು ಎಸ್‌ಎನ್‌ಎಫ್ ಎರಡನ್ನೂ ನೋಡುವ ದರಪಟ್ಟಿ ಇನ್ನೊಂದು ಕ್ಲಾಸ್. ಬಿಲ್ಲಿನ ಕ್ಲಾಸಿಗೆ ಇವೆರಡರಲ್ಲಿ ಯಾವುದನ್ನು ಕೊಟ್ಟರೂ ನಡೆಯುತ್ತದೆ, ತನ್ನ ಕೈಗೆ ಬಂದದ್ದು ಯಾವುದು ಎಂದು ಅದು ಕೇಳುವುದೂ ಇಲ್ಲ. ಪಾಲಿಮಾರ್ಫಿಸಂ ಎಂಬ ಭಾರದ ಹೆಸರಿನ ಹಿಂದೆ ಇರುವುದು ಇಷ್ಟೇ. ಇನ್‌ಹೆರಿಟೆನ್ಸನ್ನು ನಾನು ನಮ್ಮದೇ ಎಕ್ಸೆಪ್ಶನ್‌ಗಳಿಗೆ ಹೆಸರು ಕೊಡಲು ಮಾತ್ರ ಬಳಸಿದ್ದೇನೆ.

ಸರ್ವರ್‌ನಲ್ಲಿ ನಡೆಯುವ ಈ ಭಾಷೆಗೆ ವಿಶಿಷ್ಟವಾದ ಒಂದು ಸಂಗತಿಯಿದೆ. ಸಾಮಾನ್ಯ ಏರ್ಪಾಡಿನಲ್ಲಿ ಪಿಎಚ್‌ಪಿಯ ಆಬ್ಜೆಕ್ಟ್ ಒಂದು ಕೋರಿಕೆಯ ಅವಧಿಯಷ್ಟೇ ಬದುಕುತ್ತದೆ: ಬ್ರೌಸರ್ ಪುಟ ಕೇಳಿದಾಗ ಹುಟ್ಟಿ, ಉತ್ತರ ಕಳುಹಿಸಿದ ಮೇಲೆ ಅಳಿಯುತ್ತದೆ. ಒಂದು ಆಬ್ಜೆಕ್ಟಿಗಲ್ಲದೆ ಇಡೀ ಕ್ಲಾಸಿಗೆ ಸೇರಿದ ಸ್ಟ್ಯಾಟಿಕ್ ಪ್ರಾಪರ್ಟಿಯಲ್ಲಿ ಇಟ್ಟದ್ದೂ ಮುಂದಿನ ಕೋರಿಕೆಗೆ ಸಿಗುವುದಿಲ್ಲ. ಉಳಿಯಬೇಕಾದದ್ದು ಡೇಟಾಬೇಸ್‌ನಲ್ಲಿರಬೇಕು, ಪ್ರತಿ ಸಲವೂ ಅದರ ಸಾಲುಗಳಿಂದ ಆಬ್ಜೆಕ್ಟನ್ನು ಮತ್ತೆ ಕಟ್ಟಬೇಕು. ಈ ಕೆಲಸವನ್ನು ಪಿಡಿಒ (ಡೇಟಾಬೇಸ್ ಜೊತೆ ಮಾತಾಡುವ ಪಿಎಚ್‌ಪಿಯ ಸಾಧನ) ಬಳಸುವ ಒಂದು ಪ್ರತ್ಯೇಕ ಕ್ಲಾಸಿಗೆ ವಹಿಸಿದೆ. ಡೇಟಾಬೇಸನ್ನು ಕೇಳುವ ಎಸ್‌ಕ್ಯೂಎಲ್ ವಾಕ್ಯಗಳು ಬೇರೆಲ್ಲೂ ಕಾಣಿಸಿಕೊಳ್ಳಬಾರದೆಂದು ನಿಶ್ಚಯಿಸಿದೆ. ಹೀಗೆ ಹಳೆಯ ಸಾಲುಗಳನ್ನು ಓದತೊಡಗಿದಾಗ ಕೆಲವು ಸಾಲುಗಳಿಗೆ ಕನ್‌ಸ್ಟ್ರಕ್ಟರ್ ಎಕ್ಸೆಪ್ಶನ್ ಎಸೆಯಿತು. ಪರೀಕ್ಷೆಯನ್ನು ಸಡಿಲಿಸಿ ಮುಂದೆ ಹೋಗುವುದು ಸುಲಭವಾಗಿತ್ತು, ಆದರೆ ಆ ಸಾಲುಗಳನ್ನು ಪಟ್ಟಿ ಮಾಡಿ ಕಾರ್ಯದರ್ಶಿಗಳ ಮುಂದಿಟ್ಟೆ. ಅವರು ಸಂಘದ ಕೈಬರಹದ ಪುಸ್ತಕ ತೆರೆದು ಒಂದೊಂದನ್ನೇ ಹೋಲಿಸಿ ಸರಿಪಡಿಸಿದರು.

ಕನ್ನಡಿಗರಿಗೆಂದು ಒಂದು ಮಾತು. ಪಿಎಚ್‌ಪಿಯಲ್ಲಿ ಕ್ಲಾಸ್ ಮತ್ತು ವೇರಿಯಬಲ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು, ಅದು ನಿಜವಾಗಿ ಓಡುತ್ತದೆ. ಕಲಿಸುವಾಗ ನಾನು ಇದನ್ನು ಸಂತೋಷದಿಂದ ಬಳಸುತ್ತೇನೆ. ಆದರೆ ಅರ್ಧಾಕ್ಷರಗಳನ್ನು ಬಿಡಿಸಿ ತೋರಿಸಲು ಬಳಸುವ, ಕಣ್ಣಿಗೆ ಕಾಣದ ಅಕ್ಷರವೂ ಹೆಸರಿನ ಭಾಗವಾಗಿಬಿಡುವುದರಿಂದ, ನೋಡಲು ಒಂದೇ ಆಗಿರುವ ಎರಡು ಹೆಸರುಗಳು ಬೇರೆಬೇರೆ ಆಗಬಹುದು. ಹಾಗಾಗಿ ಸಂಘದ ಕೋಡ್‌ನಲ್ಲಿ ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲೇ ಇಟ್ಟಿದ್ದೇನೆ.

ನೇಮ್‌ಸ್ಪೇಸ್ (ಕ್ಲಾಸುಗಳ ಹೆಸರುಗಳನ್ನು ಗುಂಪು ಮಾಡುವ ಕ್ರಮ) ಮತ್ತು ಕಂಪೋಸರ್ ಎಂಬ ಉಪಕರಣದ ಮೂಲಕ ಫೈಲುಗಳನ್ನು ತಾನಾಗಿ ಸೇರಿಸಿಕೊಳ್ಳುವ ಏರ್ಪಾಡನ್ನು ಕ್ಲಾಸುಗಳು ಹೆಚ್ಚಾದ ಮೇಲೆ ಮಾಡಿಕೊಂಡರೆ ಸಾಕು. ರಾಜ್ಯ ಸರ್ಕಾರ ಲೀಟರಿಗೆ 5 ರೂಪಾಯಿಯಂತೆ ಕೊಡುವ ಪ್ರೋತ್ಸಾಹಧನ ಸಂಘದ ಬಿಲ್ಲಿನಲ್ಲಿ ಸೇರದೆ ನೇರವಾಗಿ ಸದಸ್ಯರ ಬ್ಯಾಂಕ್ ಖಾತೆಗೆ ಹೋಗುವುದರಿಂದ, ಅದಕ್ಕೊಂದು ಪ್ರತ್ಯೇಕ ಪಟ್ಟಿ ಬೇಕೆಂದು ಆಮೇಲೆ ಕೇಳಿದರು. ನಮೂದುಗಳನ್ನು ತೆಗೆದುಕೊಂಡು ಸದಸ್ಯವಾರು ಲೀಟರು ಕೂಡಿಸಿ, ಹಣದ ಕ್ಲಾಸಿನಲ್ಲಿ ಉತ್ತರ ಕೊಡುವ ಒಂದು ಚಿಕ್ಕ ಕ್ಲಾಸ್ ಅದಕ್ಕೆ ಸಾಕಾಯಿತು. ನಮೂದು, ದರಪಟ್ಟಿ, ಬಿಲ್ಲು ಈ ಮೂರರ ಫೈಲುಗಳಲ್ಲಿ ಒಂದು ಸಾಲನ್ನೂ ಬದಲಿಸಬೇಕಾಗಲಿಲ್ಲ.