ಶ್ರೀರಂಗಪಟ್ಟಣ: ಹಳೆಯ ರಾಜಧಾನಿಯನ್ನು ಒಂದೇ ದಿನದಲ್ಲಿ ನೋಡುವುದು ಹೇಗೆ?

ಮೈಸೂರಿಗೆ ಬಂದವರು ಶ್ರೀರಂಗಪಟ್ಟಣಕ್ಕೆ ಕೊಡುವ ಸಮಯ ಹೆಚ್ಚೆಂದರೆ ಎರಡು ಗಂಟೆ. ರಂಗನಾಥನಿಗೆ ಕೈಮುಗಿದು, ದರಿಯಾ ದೌಲತ್ ಒಂದು ಸುತ್ತು ಹಾಕಿ, ಗುಂಬಜ್ ಮುಂದೆ ಫೋಟೊ ತೆಗೆಸಿಕೊಂಡು, ಸಂಗಮದಲ್ಲಿ ಕಾಲು ನೆನೆಸಿ ಹೊರಟುಬಿಡುತ್ತಾರೆ. 1610ರಲ್ಲಿ ರಾಜ ಒಡೆಯರು ಗೆದ್ದುಕೊಂಡಾಗಿನಿಂದ 1799ರವರೆಗೆ ಮೈಸೂರು ಸಂಸ್ಥಾನದ ರಾಜಧಾನಿ ಇದೇ. ಒಡೆಯರ ದಸರಾ ಶುರುವಾದದ್ದೂ ಇಲ್ಲೇ. ಊರನ್ನು ರಾಜಧಾನಿಯಾಗಿ ನೋಡುವ ಆಸೆಯಿದ್ದರೆ ಇಡೀ ದಿನ ಎತ್ತಿಡಿ, ಕೋಟೆಯೊಳಗೆ ಕಾಲ್ನಡಿಗೆಯಲ್ಲೇ ಓಡಾಡಿ. ಊರು ಕಾವೇರಿಯ ನಡುವಿನ ದ್ವೀಪ. ಅದರ ಪಶ್ಚಿಮ ತುದಿಯಲ್ಲಿ ಕೋಟೆ, ಪೂರ್ವ ತುದಿಯಲ್ಲಿ ಸಂಗಮ. ಪಶ್ಚಿಮದಿಂದ ಪೂರ್ವಕ್ಕೆ ಸಾಗಿದರೆ ದಾರಿಯೂ ತಪ್ಪುವುದಿಲ್ಲ, ಚರಿತ್ರೆಯ ಎಳೆಯೂ ಕಡಿಯುವುದಿಲ್ಲ.

ತಲುಪುವುದು

ಮೈಸೂರಿನಿಂದ ಸುಮಾರು 15 ಕಿ.ಮೀ. ಪ್ಯಾಸೆಂಜರ್ ರೈಲು ಎಲ್ಲಕ್ಕಿಂತ ಒಳ್ಳೆಯದು. ನಿಲ್ದಾಣ ಕೋಟೆಯೊಳಗೇ ಇದೆ, ಇಳಿದರೆ ದೇವಸ್ಥಾನಕ್ಕೆ ಕೆಲವೇ ನಿಮಿಷದ ನಡಿಗೆ. ನಗರ ಬಸ್ ನಿಲ್ದಾಣದಿಂದ ಬಸ್ಸುಗಳೂ ಬೇಕಾದಷ್ಟಿವೆ. ಕಾರಿನವರು ಎಡವುವುದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ. ಅದು ಶ್ರೀರಂಗಪಟ್ಟಣವನ್ನು ಬೈಪಾಸ್ ಮಾಡಿ ಹೋಗುವುದರಿಂದ, ಮುಂಚೆಯೇ ಹಳೇ ರಸ್ತೆಗೆ ಇಳಿಯದಿದ್ದರೆ ಊರು ದಾಟಿದ್ದು ಗೊತ್ತೇ ಆಗುವುದಿಲ್ಲ. ಬೈಕು, ಆಟೊಗಳಿಗೆ 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆ ಹಿಡಿಯಬೇಕು.

ತಲೆಗೊಂದು ಲೀಟರ್ ನೀರು, ಟೋಪಿ, ಒಂದು ಜೊತೆ ದಪ್ಪ ಕಾಲುಚೀಲ ಇರಲಿ. ಈ ದಿನದಲ್ಲಿ ಮೂರು ನಾಲ್ಕು ಕಡೆ ಚಪ್ಪಲಿ ಬಿಡಬೇಕಾಗುತ್ತದೆ. ಹನ್ನೊಂದು ಗಂಟೆಯ ಮೇಲೆ ಕಲ್ಲುಹಾಸು ಕಾದು ಕಾಲಿಡಲಾಗದೆ ಮಕ್ಕಳು ಅಳುವುದು, ಅವರನ್ನು ಎತ್ತಿಕೊಂಡು ದೊಡ್ಡವರು ಅರ್ಧಕ್ಕೇ ಹಿಂತಿರುಗುವುದು ಇಲ್ಲಿ ಮಾಮೂಲು.

ಬೆಳಿಗ್ಗೆ 8: ದೇವಸ್ಥಾನ

ಮೊದಲು ರಂಗನಾಥಸ್ವಾಮಿ ದೇವಸ್ಥಾನ. ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆ ನಾಲ್ಕರ ಸುಮಾರಿಗೆ. ಊಟ ಮುಗಿಸಿ ಬಂದವರು ಬಾಗಿಲಲ್ಲೇ ನಿಲ್ಲುತ್ತಾರೆ. ಕ್ರಿ.ಶ. 894ರಲ್ಲಿ, ಗಂಗರ ಕಾಲದಲ್ಲಿ, ತಿರುಮಲಯ್ಯ ಕಟ್ಟಿಸಿದ್ದೆನ್ನುವ ಗುಡಿಗೆ ಹೊಯ್ಸಳರೂ ವಿಜಯನಗರದವರೂ ಕೈ ಹಚ್ಚಿದ್ದಾರೆ. ಕಾವೇರಿಯ ಮೂರು ರಂಗರಲ್ಲಿ ಇವನು ಆದಿರಂಗ. ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ದರ್ಶನ ಮುಗಿಸಿ ಹೊರಡುವ ಮುನ್ನ ವಿಷ್ಣುವಿನ 24 ರೂಪಗಳನ್ನು ಕೆತ್ತಿದ ಎರಡು ಕಂಬಗಳನ್ನು ಕೇಳಿ ನೋಡಿ. ಕೇಶವ, ನಾರಾಯಣ, ಮಾಧವ ಎಂದು ಸಂಧ್ಯಾವಂದನೆಯಲ್ಲಿ ಹೇಳುವ ಹೆಸರುಗಳೆಲ್ಲ ಇಲ್ಲಿ ಮೂರ್ತಿಯಾಗಿವೆ. ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಲ್ಲಿದೆ ಎಂಬುದರ ಮೇಲೆ ರೂಪ ಬದಲಾಗುತ್ತದೆ. ನಾಲ್ಕೈದನ್ನು ಹೋಲಿಸಿ ನೋಡಿದರೆ ಲೆಕ್ಕ ಹಿಡಿತಕ್ಕೆ ಸಿಗುತ್ತದೆ. ಟಿಪ್ಪು ಈ ದೇವಸ್ಥಾನಕ್ಕೆ ಬೆಳ್ಳಿ ಬಟ್ಟಲುಗಳನ್ನೂ ಮಂಗಳಾರತಿ ತಟ್ಟೆಯನ್ನೂ ಕೊಟ್ಟಿದ್ದ.

ಹತ್ತಿರದಲ್ಲೇ ನರಸಿಂಹಸ್ವಾಮಿ ಗುಡಿ. ಬಹಳ ಜನ ಬಿಟ್ಟುಹೋಗುವ ಜಾಗ, ಬಿಡಬಾರದ್ದು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಲ್ಲಿನ ವಿಗ್ರಹ ಇಲ್ಲಿದೆ. ಕೋಟೆಯೆಂದರೆ ಟಿಪ್ಪು ಒಬ್ಬನೇ ಎಂದುಕೊಂಡು ಬಂದವರಿಗೆ ಒಡೆಯರ ರಾಜಧಾನಿ ಕಣ್ಣಿಗೆ ಕಾಣುವುದು ಈ ಮೂರ್ತಿಯ ಎದುರು. ದೇವಸ್ಥಾನದ ಬಳಿಯೇ ಇದ್ದ ಟಿಪ್ಪುವಿನ ಲಾಲ್ ಮಹಲ್ ಅರಮನೆಯದು ಈಗ ತಳಪಾಯ ಮಾತ್ರ. ಬ್ರಿಟಿಷರು ಕೆಡವಿದ ಮೇಲೆ ಅದರ ಮರ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋಯಿತು.

ಕೋಟೆಗೋಡೆಯ ಗುಂಟ

ಹತ್ತು ಗಂಟೆಗೆ ಪಶ್ಚಿಮದ ಗೋಡೆಯತ್ತ ನಡೆಯಿರಿ. ಎತ್ತರದ ಸ್ತಂಭವೊಂದು ಕಂಡರೆ ಅದೇ ಗುರುತು: 1799ರ ಮೇ 4ರ ಮಧ್ಯಾಹ್ನ ಬ್ರಿಟಿಷರು ನುಗ್ಗಿದ ಬಿರುಕಿನ ಬಳಿ 1907ರಲ್ಲಿ ನಿಲ್ಲಿಸಿದ ಸ್ಮಾರಕ. ಇಲ್ಲಿ ನಿಂತು ನದಿ ನೋಡಿ. ಕೋಟೆಯ ಪೂರ್ವ, ದಕ್ಷಿಣಕ್ಕೆ ಕಂದಕಗಳು, ಉತ್ತರ, ಪಶ್ಚಿಮಕ್ಕೆ ಕಾವೇರಿಯೇ ಕಾವಲು. ಆದರೆ ಮೇ ತಿಂಗಳಲ್ಲಿ ಹೊಳೆಯಲ್ಲಿ ಬಂಡೆ ಕಾಣುವಷ್ಟು ನೀರು ಇಳಿದಿರುತ್ತದೆ. ಮುಂಗಾರು ಬಂದು ಹೊಳೆ ತುಂಬಿದರೆ ಮುತ್ತಿಗೆ ಮುರಿಯುತ್ತದೆಂದು ಗೊತ್ತಿದ್ದ ಶತ್ರು ಅದಕ್ಕೆ ಮೊದಲೇ ದಾಟಿದ. ಬೇಸಿಗೆಯಲ್ಲಿ ಬಂದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಗೋಡೆಯ ಮೇಲೆ ಮಾತ್ರ ಹತ್ತಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಗಾರೆ ಸಡಿಲಗೊಂಡು ಕಲ್ಲು ಜಾರುತ್ತದೆ.

ದಾಳಿಯ ಮುಂದಾಳು ಜನರಲ್ ಬೇರ್ಡ್. ಹಿಂದೊಮ್ಮೆ ಇದೇ ಊರಿನಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದವನು. ಈ ಮಾತು ನೆನಪಿರಲಿ, ಮುಂದೆ ಬಂದೀಖಾನೆಯಲ್ಲೂ ದರಿಯಾ ದೌಲತ್‌ನಲ್ಲೂ ಬೇಕು.

ಉತ್ತರದ ಗೋಡೆಯ ಗುಂಟ ಪೂರ್ವಕ್ಕೆ ಬಂದರೆ ಟಿಪ್ಪುವಿನ ದೇಹ ಸಿಕ್ಕ ಜಾಗದ ಕಲ್ಲು. ಸಣ್ಣ ಆವರಣ, ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಸುಲಭಕ್ಕೆ ಬೀಳದು. ಕೇಳಿಕೊಂಡು ಹೋಗಿ. ಸ್ವಲ್ಪ ದೂರದಲ್ಲಿ ಕರ್ನಲ್ ಬೈಲಿ ಬಂದೀಖಾನೆ. ನೆಲಮಟ್ಟಕ್ಕಿಂತ ಕೆಳಗಿರುವ, ಸುಮಾರು 100 ಅಡಿ ಉದ್ದ, 40 ಅಡಿ ಅಗಲದ ಇಟ್ಟಿಗೆ ಗಾರೆಯ ಕಮಾನು ಕಟ್ಟಡ. ಗೋಡೆಯಲ್ಲಿ ಹೊರಚಾಚಿದ ಕಲ್ಲುಗಳನ್ನು ಹತ್ತಿರದಿಂದ ನೋಡಿ, ಕೈದಿಗಳ ಸರಪಳಿ ಕಟ್ಟುತ್ತಿದ್ದದ್ದು ಅವಕ್ಕೆ. 1799ರಲ್ಲಿ ಛಾವಣಿ ಒಡೆದು ಕೆಳಗೆ ಬಿದ್ದ ಫಿರಂಗಿ ಬಿದ್ದಲ್ಲೇ ಇದೆ. ಹೆಸರಿಗೆ ಕಾರಣನಾದ ಇಂಗ್ಲಿಷ್ ಸೇನಾಧಿಕಾರಿ ಬೈಲಿ 1782ರಲ್ಲಿ ಸೆರೆಯಲ್ಲೇ ಸತ್ತ.

ಹಳೇ ಶಸ್ತ್ರಾಗಾರ ಹುಡುಕುವವರು ರೈಲು ನಿಲ್ದಾಣದ ಆಸುಪಾಸಿನಲ್ಲಿ ವಿಚಾರಿಸಿ. ಜೋಡಿ ಹಳಿಗೆ ಅಡ್ಡವಾಗಿದ್ದ ಆ ಕಟ್ಟಡವನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ್ದಾರೆ. ಹಳೆಯ ನಕ್ಷೆ ನಂಬಿದರೆ ಸಿಗದು.

ಕೋಟೆಯ ಪೂರ್ವ ಬಾಗಿಲ ಬಳಿ ಎರಡು ಮಿನಾರ್‌ಗಳ ಜಾಮಿಯಾ ಮಸೀದಿ. ಟಿಪ್ಪು ಕಟ್ಟಿಸಿದ್ದು. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ತಪ್ಪಿಸಿ ಹೋಗಿ. ಇಲ್ಲಿಗೆ ಕೋಟೆ ಮುಗಿಯಿತು, ಊಟ ಮಾಡಿ.

ಮಧ್ಯಾಹ್ನ 2: ದರಿಯಾ ದೌಲತ್

ಆಟೊ ಹಿಡಿಯುವಾಗ ದರಿಯಾ ದೌಲತ್, ಗುಂಬಜ್, ಸಂಗಮ ಮೂರನ್ನೂ ಹೆಸರಿಸಿ, ಕಾಯುವುದೂ ಸೇರಿ ಎಷ್ಟು ಎಂದು ಮೊದಲೇ ಮಾತಾಡಿ. ಒಟ್ಟು ಮೂರೂವರೆ ಗಂಟೆ ಬೇಕು ಎಂದು ಹೇಳಿಬಿಡಿ. ಹೇಳದಿದ್ದರೆ ಚಾಲಕರು ಒಂದೊಂದು ಕಡೆ ಇಪ್ಪತ್ತು ನಿಮಿಷದ ಲೆಕ್ಕ ಹಾಕಿರುತ್ತಾರೆ, ಆಮೇಲೆ ಇಬ್ಬರಿಗೂ ಕಿರಿಕಿರಿ.

1784ರಲ್ಲಿ ಟಿಪ್ಪು ಕಟ್ಟಿಸಿದ ತೇಗದ ಬೇಸಿಗೆ ಅರಮನೆಯಿದು. ಪುರಾತತ್ವ ಇಲಾಖೆಯ ಟಿಕೆಟ್ ಭಾರತೀಯರಿಗೆ 25 ರೂಪಾಯಿ, 15 ವರ್ಷದೊಳಗಿನವರಿಗೆ ಉಚಿತ. ಆನ್‌ಲೈನ್‌ನಲ್ಲಿ ತೆಗೆದರೆ ಐದು ರೂಪಾಯಿ ಕಡಿಮೆ, ಭಾನುವಾರದ ಸಾಲೂ ತಪ್ಪುತ್ತದೆ. ಬಣ್ಣ ಮಾಸದಿರಲೆಂದು ಸುತ್ತ ಪರದೆ ಇಳಿಬಿಟ್ಟಿರುವುದರಿಂದ ಬಿಸಿಲಿನಿಂದ ಒಳಬಂದ ಕಣ್ಣಿಗೆ ಮೊದಲು ಏನೂ ಕಾಣದು. ಐದು ನಿಮಿಷ ಸುಮ್ಮನೆ ನಿಲ್ಲಿ.

ಆಮೇಲೆ ಪಶ್ಚಿಮದ ಗೋಡೆ. ಕಂಚಿಯ ಬಳಿ ಪೊಲ್ಲಿಲೂರಿನಲ್ಲಿ 1780ರಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಯುದ್ಧ ಅಲ್ಲಿದೆ. ನೂರಾರು ಆಕೃತಿಗಳಿರುವ ಗೋಡೆಯನ್ನು ಒಂದು ಕಡೆಯಿಂದ ನೋಡುತ್ತಾ ಹೋದರೆ ಗೋಜಲಾಗುತ್ತದೆ. ಮೊದಲು ಮದ್ದಿನ ಗಾಡಿ ಸಿಡಿಯುತ್ತಿರುವ ಜಾಗ ಹುಡುಕಿ. ಯುದ್ಧ ತಿರುಗಿದ್ದೇ ಆ ಸ್ಫೋಟದಿಂದ. ಅದನ್ನು ಸುತ್ತುವರಿದ ಕೆಂಪಂಗಿ ಸಿಪಾಯಿಗಳ ಚೌಕ, ಚೌಕದೊಳಗೆ ಪಲ್ಲಕ್ಕಿಯಲ್ಲಿ ಕೂತ ಬೈಲಿ. ಬೆಳಿಗ್ಗೆ ಬಂದೀಖಾನೆಯಲ್ಲಿ ಕೇಳಿದ ಹೆಸರಿನವನೇ. ಬೇರ್ಡ್ ಸೆರೆಯಾದದ್ದೂ ಇದೇ ಯುದ್ಧದಲ್ಲಿ. ನಂತರ ದುರ್ಬೀನು ಹಿಡಿದ ಫ್ರೆಂಚ್ ಸೇನಾನಿ ಲಾಲಿ, ಕೈಯಲ್ಲಿ ಗುಲಾಬಿ ಹಿಡಿದ ಟಿಪ್ಪು ಸಿಗುತ್ತಾರೆ. ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬಣ್ಣ ಕಂಡ ಚಿತ್ರಗಳಿವು, ಎಲ್ಲ ಗೆರೆಯೂ ಮೂಲದ್ದಲ್ಲ. ಪೂರ್ವದ ಗೋಡೆಯ ಸಣ್ಣ ಚೌಕಗಳಲ್ಲಿ ರಾಜರು, ಪಾಳೆಯಗಾರರ ದರ್ಬಾರು. ಒಳಗೆ ಫೋಟೊ ತೆಗೆಯುವಂತಿಲ್ಲ. ಗೋಡೆ ಮುಟ್ಟಬೇಡಿ, ಮಕ್ಕಳ ಕೈಯನ್ನೂ ಹಿಡಿದಿರಿ. ಬೆವರಿನ ಬೆರಳೊಂದು ತಾಕಿದರೂ ಬಣ್ಣ ಮಸಕಾಗುತ್ತದೆ. ಇಲ್ಲಿಗೆ ಒಂದೂವರೆ ಗಂಟೆ ಕೊಡಿ, ದಂಡವಲ್ಲ.

ಗುಂಬಜ್, ಸಂಗಮ

ಅಲ್ಲಿಂದ ಸುಮಾರು 2 ಕಿ.ಮೀ. ಗುಂಬಜ್. ತಂದೆ ಹೈದರನಿಗೆಂದು ಟಿಪ್ಪು ಕಟ್ಟಿಸಿದ ಗೋರಿ. ಸುತ್ತಲಿನ 36 ಕರಿಕಲ್ಲಿನ ಕಂಬಗಳಿಗೆ ಎಂಥ ನುಣುಪೆಂದರೆ ಎದುರು ನಿಂತವರ ಪ್ರತಿಬಿಂಬ ಮೂಡುತ್ತದೆ. ಆನೆದಂತ ಕೂರಿಸಿದ ಕರಿಮರದ ಬಾಗಿಲುಗಳು ಡಾಲ್‌ಹೌಸಿ ಕೊಟ್ಟದ್ದು. ಒಳಗೋಡೆಗೆ ಹುಲಿಪಟ್ಟೆಯ ಬಣ್ಣ. ನಡುವಿನದು ಹೈದರನ ಗೋರಿ, ಅಕ್ಕಪಕ್ಕ ಟಿಪ್ಪುವಿನ ತಾಯಿ ಮತ್ತು ಟಿಪ್ಪು.

ಕೊನೆಗೆ ಸಂಗಮ. ಕವಲೊಡೆದ ಕಾವೇರಿ ಮತ್ತೆ ಒಂದಾಗುವ ಜಾಗ. ದಡದ ನೀರು ಶಾಂತವಾಗಿ ಕಂಡರೂ ಎರಡು ಕವಲು ಸೇರುವಲ್ಲಿ ಸುಳಿಯಿದೆ, ತಳದ ಬಂಡೆಗೆ ಪಾಚಿ ಕಟ್ಟಿರುತ್ತದೆ. ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ. ಕೆಆರ್‌ಎಸ್ ಜಲಾಶಯ ಗರಿಷ್ಠ ಮಟ್ಟವಾದ 124.80 ಅಡಿಯ ಹತ್ತಿರ ಬಂದು ನೀರು ಬಿಡುವ ಜುಲೈ, ಆಗಸ್ಟ್‌ನಲ್ಲಿ ಮೆಟ್ಟಿಲ ಹತ್ತಿರವೂ ಸುಳಿಯಬಾರದು. ಸಂಕ್ರಾಂತಿಯ ಲಕ್ಷದೀಪೋತ್ಸವ, ವೈಕುಂಠ ಏಕಾದಶಿ, ರಥಸಪ್ತಮಿಯ ದಿನಗಳಲ್ಲಿ ಕೋಟೆಯೊಳಗೆ ಕಾಲಿಡಲು ಜಾಗವಿರದು. ಸ್ಮಾರಕ ನೋಡುವವರು ಆ ದಿನ ಬಿಟ್ಟು ಬನ್ನಿ. ಸಂಗಮದಲ್ಲಿ ಆಟೊವನ್ನು ಕಳಿಸಿಬಿಡಬೇಡಿ. ಬಸ್ ನಿಲ್ದಾಣ ಅಲ್ಲಿಂದ ಮೂರು ಕಿ.ಮೀ.ಗೂ ದೂರ, ಸಂಜೆ ಹೊತ್ತು ಬೇರೆ ಗಾಡಿ ಸಿಗುವುದು ಕಷ್ಟ.